ಹೊಸ ಬೋರ್‌ವೆಲ್ ನೀರು ಬಗ್ಗಡವೇ? ಫಿಲ್ಟರ್ ಕೊಳ್ಳುವ ಮೊದಲು ಒಂದು ಗ್ಲಾಸು ನೀರು ಹಿಡಿದಿಡಿ

ಬೋರ್ ಲಾರಿ ನಮ್ಮ ಅಂಗಳದಿಂದ ಹೋಗಿ ನಾಲ್ಕು ದಿನ ಆಗಿತ್ತು. ಮೋಟರ್ ಇಳಿಸಿ ನಲ್ಲಿ ತಿರುಗಿಸಿದರೆ ಬಂದದ್ದು ಅಕ್ಕಿ ತೊಳೆದಂಥ ನೀರು. ಅಮ್ಮ ಒಂದು ಚೊಂಬು ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. "ಇದರಲ್ಲಿ ಅನ್ನ ಮಾಡೋಕಾಗುತ್ತೇನೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊಸನಗರದ ಕಡೆಯ ಮನೆ ನಮ್ಮದು. ಅಲ್ಲಿಯವರೆಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತಿತ್ತು. ಬೇಸಿಗೆಯಲ್ಲಿ ಅದು ದಾರದ ಹಾಗೆ ಸಣ್ಣಗಾಗತೊಡಗಿದ ಮೇಲೆ ಬೋರ್ ಕೊರೆಸಿದೆವು. ನೀರು ಬಗ್ಗಡ ಅಂತ ಗೊತ್ತಾದ ವಾರದಲ್ಲೇ ಓಡಿಹೋಗಿ ಫಿಲ್ಟರ್ ತಂದೆ. ಎರಡು ದಿನಕ್ಕೆ ಅದರ ಕ್ಯಾಂಡಲ್ ಕಟ್ಟಿಕೊಂಡಿತು. ಹೊಸದು ಹಾಕಿದೆ, ಅದೂ ಕಟ್ಟಿತು. ತಿಂಗಳು ತುಂಬುವ ಮೊದಲೇ ಮೋಟರ್ ಜಾಮ್ ಆಯಿತು. ತೊಂದರೆ ಇದ್ದದ್ದು ನೆಲದಡಿ ಎಪ್ಪತ್ತು ಅಡಿಯಲ್ಲಿ. ನಾನು ಅದನ್ನು ಅಡುಗೆಮನೆಯ ನಲ್ಲಿಯಲ್ಲಿ ಹುಡುಕುತ್ತಿದ್ದೆ.

ಆಮೇಲೆ ನೆಂಟರ ಮನೆ, ಅಕ್ಕಪಕ್ಕದ ಮನೆ ಅಂತ ಎಷ್ಟೋ ಹೊಸ ಬೋರುಗಳ ನೀರನ್ನು ಹಿಡಿದು ನೋಡಿದ್ದೇನೆ. ಬಗ್ಗಡ ಅಂದರೆ ಒಂದೇ ರೋಗ ಅಲ್ಲ. ಗಾಳಿ, ಕಲ್ಲಿನ ಹುಡಿ, ಜೇಡಿ, ಕಬ್ಬಿಣ, ಮಳೆನೀರು, ಹೀಗೆ ಐದಾರು ಬೇರೆ ಬೇರೆ ಕಾರಣ ಇರುತ್ತವೆ. ಒಂದೊಂದಕ್ಕೂ ಮದ್ದು ಬೇರೆ. ಯಾವುದು ಅಂತ ಗೊತ್ತಾಗುವವರೆಗೆ ದಯವಿಟ್ಟು ಏನನ್ನೂ ಕೊಳ್ಳಬೇಡಿ.

ನೆಲದೊಳಗೆ ಏನಿದೆ ಅಂತ ಮೊದಲು ತಿಳಿಯೋಣ

ಮಲೆನಾಡಿನ ಹೆಚ್ಚಿನ ಕಡೆ ಮೇಲೆ ಕೆಂಪುಮಣ್ಣು, ಅದರಡಿ ಜಂಬಿಟ್ಟಿಗೆ. ಜಂಬಿಟ್ಟಿಗೆಗೂ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಮಣ್ಣಿನ ಪದರ ಸಿಗುತ್ತದೆ. ನಮ್ಮ ಕಡೆ ಇದನ್ನು ಶೇಡಿ ಅನ್ನುತ್ತಾರೆ. ಅದು ದಾಟಿದರೆ ಕೊಳೆತ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಆಗುಂಬೆಯಂಥ ಜಾಗದಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಲಕ್ಷಾಂತರ ವರ್ಷ ಹೀಗೆ ನೀರು ಇಳಿದೂ ಇಳಿದೂ ಮೇಲಿನ ಬಂಡೆಯೆಲ್ಲ ಕೊಳೆತು ಮಣ್ಣಾಗಿದೆ. ಹಾಗಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಗುಡ್ಡಗಳಲ್ಲಿ ಗಟ್ಟಿ ಕಲ್ಲು ಸಿಗಬೇಕಾದರೆ ಬಹಳ ಕೆಳಗೆ ಹೋಗಬೇಕಾಗುತ್ತದೆ. ಶಿಕಾರಿಪುರದಂಥ ಮಳೆ ಕಡಿಮೆಯ ಕಡೆ ಎಷ್ಟೋ ಜಾಗದಲ್ಲಿ ಬಂಡೆ ಬೇಗ ಸಿಗುತ್ತದೆ.

ಇದರಲ್ಲಿ ನಮಗೆ ಮುಖ್ಯವಾದದ್ದು ಶೇಡಿ. ಅದರ ಕಣ ಎಷ್ಟು ಸಣ್ಣದು ಅಂದರೆ ನೀರಿನಲ್ಲಿ ಕದಡಿದರೆ ದಿನಗಟ್ಟಲೆ ತಳ ಮುಟ್ಟುವುದಿಲ್ಲ. ಬೋರಿನ ಗೋಡೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಈ ಪದರವನ್ನು ಪೂರ್ತಿ ದಾಟಿ ಗಟ್ಟಿ ಕಲ್ಲಿನಲ್ಲಿ ಕೂತಿರಬೇಕು. ಕೂತಿಲ್ಲದಿದ್ದರೆ ಮೋಟರ್ ಎಳೆದಾಗಲೆಲ್ಲ ಶೇಡಿ ಕರಗಿ ಬರುತ್ತಲೇ ಇರುತ್ತದೆ.

ಇನ್ನೊಂದು ಕಲ್ಲಿನ ಹುಡಿ. ಬೋರ್ ಲಾರಿಯ ಕೊರೆಯುವ ಯಂತ್ರ, ಅಂದರೆ ರಿಗ್ಗಿನ ಹ್ಯಾಮರ್ ಬಂಡೆಯನ್ನು ಕುಟ್ಟಿ ಪುಡಿ ಮಾಡುತ್ತದೆ. ಕಂಪ್ರೆಸರಿನ ಗಾಳಿ ಆ ಪುಡಿಯನ್ನು ಮೇಲಕ್ಕೆ ಎಸೆಯುತ್ತದೆ. ಆದರೆ ಅದೇ ಗಾಳಿ ಒಂದಷ್ಟು ಹುಡಿಯನ್ನು ನೀರು ಬರುವ ಬಿರುಕುಗಳ ಒಳಕ್ಕೂ ನೂಕಿರುತ್ತದೆ. ಹೊಸ ಬೋರಿನಲ್ಲಿ ಕೆಲವು ದಿನ ಬಗ್ಗಡ ಬರುವುದು ಹೆಚ್ಚಾಗಿ ಈ ಕಾರಣಕ್ಕೆ. ಇದು ಸಹಜ, ಹೆದರಬೇಕಾಗಿಲ್ಲ.

ಹಂತ 1: ಗ್ಲಾಸು ಹಿಡಿಯಿರಿ, ಗಡಿಯಾರ ನೋಡಿ

ಬಣ್ಣವಿಲ್ಲದ ಗಾಜಿನ ಗ್ಲಾಸು ಒಂದು, ಒಂದು ಲೀಟರಿನ ಪಾರದರ್ಶಕ ಬಾಟಲಿ ಎರಡು ತೆಗೆದುಕೊಳ್ಳಿ. ಟ್ಯಾಂಕಿನಿಂದ ಹಿಡಿಯಬೇಡಿ. ಬೋರಿನ ಬಾಯಿಯಿಂದ ಬರುವ ಪೈಪಿನಲ್ಲೇ ಹಿಡಿಯಿರಿ. ಟ್ಯಾಂಕಿನ ತಳದ ಕೆಸರು ಸೇರಿದರೆ ಪರೀಕ್ಷೆ ಕೆಟ್ಟಿತು. ಬೆಳಗಿನ ಹೊತ್ತು ಜಗುಲಿ ಕಟ್ಟೆಯ ಮೇಲೆ, ಹಿಂದೆ ಬೆಳಕು ಬರುವ ಹಾಗೆ ಇಡಿ.

ಮೊದಲ ಎರಡು ನಿಮಿಷ ಕಣ್ಣು ತೆಗೆಯಬೇಡಿ. ಹಾಲಿನಂತೆ ಬೆಳ್ಳಗಿದ್ದ ನೀರು ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಬರೀ ಗಾಳಿಗುಳ್ಳೆ. ಗಸಿ ಇದ್ದರೆ ಇದಕ್ಕೆ ತಿರುಗುಮುರುಗು, ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತದೆ. ಇದೊಂದು ವ್ಯತ್ಯಾಸ ನೋಡಿಕೊಂಡರೆ ಅರ್ಧ ಗೊಂದಲ ಕಳೆದಂತೆ.

ಕಂಪ್ರೆಸರ್ ಪಂಪಿನಿಂದ ನೀರೆತ್ತುವ ಮನೆಗಳಲ್ಲಿ ಗಾಳಿಯ ಬಿಳುಪು ದಿನಾ ಇರುವುದೇ, ಕುಡಿಯಲು ತೊಂದರೆ ಇಲ್ಲ. ನೀರಿನೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಮೋಟರಿನಲ್ಲಿ ಹೀಗೆ ಬಂದರೆ ಮಾತ್ರ ಎಚ್ಚರ. ಅದರ ಜೊತೆಗೆ ನೀರು ಕೆಮ್ಮಿದಂತೆ ತಡೆದು ತಡೆದು ಬರುತ್ತಿದ್ದರೆ, ಬೋರಿನ ನೀರಿನ ಮಟ್ಟ ಪಂಪಿನವರೆಗೆ ಇಳಿದಿದೆ ಅಂತ ಅರ್ಥ. ಕೂಡಲೇ ಮೋಟರ್ ನಿಲ್ಲಿಸಿ. ಸುತ್ತ ನೀರಿಲ್ಲದೆ ಓಡಿದರೆ ಮೋಟರ್ ಸುಟ್ಟುಹೋಗುತ್ತದೆ.

ಎರಡು ಗಂಟೆ ಬಿಟ್ಟು ನೋಡಿ. ತಳದಲ್ಲಿ ಬೂದು ಬಣ್ಣದ ಪದರ ಕೂತು ಮೇಲೆ ನೀರು ತಿಳಿಯಾಗುತ್ತಾ ಬಂದಿದ್ದರೆ ಅದು ಕಲ್ಲಿನ ಹುಡಿ. ಮರುದಿನ ನೋಡಿದರೂ ಮಂಜು ಕವಿದ ಹಾಗೇ ಇದ್ದರೆ ಜೇಡಿ ಅಥವಾ ಶೇಡಿ.

ಹಿಡಿದಾಗ ತಿಳಿಯಾಗಿದ್ದ ನೀರು ಕೆಲವು ಗಂಟೆ ಕಳೆದ ಮೇಲೆ ಹಳದಿ ತಿರುಗಿ, ಬಾಟಲಿಯ ಒಳಗೋಡೆಗೆ ಕಾವಿ ಬಣ್ಣ ಹಿಡಿದರೆ ಅದು ಕಬ್ಬಿಣ. ನೆಲದಡಿ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕರಗಿಕೊಂಡು ಕಣ್ಣಿಗೆ ಕಾಣದೆ ಇರುತ್ತದೆ. ಗಾಳಿ ತಾಗಿದ ಮೇಲೆ ತುಕ್ಕಾಗಿ ಹೊರಬೀಳುತ್ತದೆ.

ಇನ್ನು ಹಿಡಿದಾಗಲೂ ತಿಳಿ, ಇಟ್ಟ ಮೇಲೂ ತಿಳಿ, ಆದರೆ ಕುದಿಸಿದಾಗ ಮಾತ್ರ ಬಿಳಿ ಪುಡಿ ಕಾಣುವುದುಂಟು. ಅದು ಗಡಸು ನೀರು. ಮಲೆನಾಡಿನ ಒಳಗೆ ಇದು ಕಡಿಮೆ, ಬಯಲುಸೀಮೆಯ ಕಡೆ ಹೋದಂತೆ ಜಾಸ್ತಿ.

ಹಂತ 2: ಗಸಿಯನ್ನು ಬೆರಳಲ್ಲಿ ಉಜ್ಜಿ ನೋಡಿ

ಮರುದಿನ ಬಾಟಲಿಯ ಮೇಲಿನ ನೀರನ್ನು ಮೆಲ್ಲಗೆ ಬಸಿದು ತಳದ ಗಸಿ ಉಳಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ತಿಕ್ಕಿ. ಸಕ್ಕರೆಯ ಹಾಗೆ ಚುಚ್ಚಿದರೆ ಮರಳು. ರಂಗೋಲಿ ಪುಡಿಯ ಹಾಗೆ ತರಿತರಿಯಾಗಿದ್ದು, ಒಣಗಿದಾಗ ಊದಿದರೆ ಹಾರಿಹೋದರೆ ಕಲ್ಲಿನ ಹುಡಿ. ಬೆಣ್ಣೆಯ ಹಾಗೆ ಜಾರಿ, ಬೆರಳಿನ ಗೆರೆಯಲ್ಲಿ ಅಂಟಿ ಕೂತರೆ ಶೇಡಿ. ನಮ್ಮ ಮನೆಯ ಗಸಿ ಜಾರುತ್ತಿತ್ತು. ಒಣಗಿದ ಮೇಲೆ ತಟ್ಟೆಯಲ್ಲಿ ತೆಳು ಹಪ್ಪಳದಂತೆ ಬಿರುಕುಬಿಟ್ಟು, ಗುಲಾಬಿ ಬಣ್ಣ ತೋರಿಸಿತು. ಅದು ಬಂಡೆಯ ಬಣ್ಣ ಅಲ್ಲ. ಆ ತಟ್ಟೆ ನೋಡಿದಾಗಲೇ ನನಗೆ ಕೇಸಿಂಗ್ ಮೇಲೆ ಅನುಮಾನ ಬಂದದ್ದು.

ಜೇಡಿಯೋ ಅಲ್ಲವೋ ಅನುಮಾನ ಇದ್ದರೆ ಇನ್ನೊಂದು ಬಾಟಲಿಗೆ ಚಿಟಿಕೆ ಪಟಿಕದ ಪುಡಿ ಹಾಕಿ, ಒಂದು ನಿಮಿಷ ಜೋರಾಗಿ, ಆಮೇಲೆ ಐದು ನಿಮಿಷ ನಿಧಾನಕ್ಕೆ ತಿರುಗಿಸಿ. ಒಂದು ದಿನ ಕೂರದೆ ಇದ್ದ ಮಂಜು ಅರ್ಧ ಗಂಟೆಯಲ್ಲಿ ಹತ್ತಿಯಂತೆ ಉಂಡೆ ಕಟ್ಟಿ ಇಳಿಯತೊಡಗಿದರೆ ಅದು ಜೇಡಿಯೇ.

ಕಬ್ಬಿಣಕ್ಕೆ ಮನೆಯಲ್ಲೇ ಪರೀಕ್ಷೆ ಇದೆ. ಅಳಲೆಕಾಯಿ ಸಿಪ್ಪೆ ಜಜ್ಜಿ ನೆನೆಸಿದ ನೀರನ್ನೋ, ಹಾಲು ಹಾಕದ ಗಟ್ಟಿ ಚಹಾ ಡಿಕಾಕ್ಷನ್ನನ್ನೋ ನಾಲ್ಕು ಚಮಚ ಈ ನೀರಿಗೆ ಬೆರೆಸಿ. ನೀರು ಕಪ್ಪಗೆ ಅಥವಾ ಕಪ್ಪು ನೇರಳೆಗೆ ತಿರುಗಿದರೆ ಕಬ್ಬಿಣ ಇದೆ. ಹಿಂದಿನವರು ಅಳಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಪಕ್ಕದಲ್ಲಿ ಮಳೆನೀರಿಗೋ ಅಬ್ಬಿ ನೀರಿಗೋ ಅಷ್ಟೇ ಬೆರೆಸಿ ಇಟ್ಟುಕೊಂಡರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಹಂತ 3: ಯಾವಾಗ ಬಗ್ಗಡ ಅಂತ ಬರೆದಿಡಿ

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೋಟರ್ ಹಾಕಿದ ಕೂಡಲೇ ಹೇಗಿತ್ತು, ಹತ್ತು ನಿಮಿಷಕ್ಕೆ ಹೇಗಿತ್ತು, ಒಂದು ಗಂಟೆಗೆ ಹೇಗಿತ್ತು, ಹಿಂದಿನ ರಾತ್ರಿ ಮಳೆ ಬಂದಿತ್ತಾ. ಸುಮ್ನೆ ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ, ಮೂರನೇ ದಿನಕ್ಕೆ ಎಲ್ಲ ಕಲಸಿಹೋಗುತ್ತದೆ.

ಶುರುವಿನಲ್ಲಿ ಮಾತ್ರ ಬಗ್ಗಡ ಇದ್ದು ಆಮೇಲೆ ತಿಳಿಯಾದರೆ, ಬೋರಿನೊಳಗೆ ಕೂತಿದ್ದ ಹುಡಿ ಏಳುತ್ತಿದೆ ಅಷ್ಟೇ. ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದ್ದರೆ ತಾಳ್ಮೆಯಿಂದ ಕಾಯಿರಿ. ಶುರುವಿನಲ್ಲಿ ತಿಳಿ, ಅರ್ಧ ಗಂಟೆ ಎಳೆದ ಮೇಲೆ ಬಗ್ಗಡ ಆದರೆ ಬೋರಿನ ಶಕ್ತಿಗಿಂತ ಪಂಪಿನ ಎಳೆತ ಜಾಸ್ತಿ ಇರಬಹುದು. ಇಲ್ಲವೇ ನೀರಿನ ಮಟ್ಟ ಇಳಿದು ಮಣ್ಣಿನ ಪದರ ಕುಸಿಯುತ್ತಿರಬಹುದು. ಮಳೆ ಬಂದ ಕೆಲವೇ ಗಂಟೆಯಲ್ಲಿ ಅಂಗಳದ ಕೆಂಪುನೀರಿನ ಬಣ್ಣವೇ ನಲ್ಲಿಯಲ್ಲಿ ಬಂದರೆ, ಮೇಲಿನ ನೀರು ಕೇಸಿಂಗಿನ ಪಕ್ಕದಿಂದ ನೇರ ಒಳಗೆ ಇಳಿಯುತ್ತಿದೆ. ಎಲ್ಲಕ್ಕಿಂತ ಅಪಾಯದ್ದು ಇದೇ. ಆ ದಾರಿಯಲ್ಲಿ ಮಣ್ಣಿನ ಜೊತೆ ಕೊಟ್ಟಿಗೆಯ, ಪಾಯಿಖಾನೆ ಗುಂಡಿಯ ಕೊಳೆಯೂ ಇಳಿಯುತ್ತದೆ. ಹೀಗೆ ಕಂಡ ದಿನದಿಂದ ಆ ನೀರು ಕುಡಿಯುವುದನ್ನು ನಿಲ್ಲಿಸಿ.

ಹಂತ 4: ಹುಡಿ ಆಗಿದ್ದರೆ ಎಳೆದು ಹೊರಹಾಕಿ

ಬೋರ್ ತಿಳಿಯಾಗಿಸಲು ಒಳ್ಳೆಯ ಸಮಯ ಅಂದರೆ ರಿಗ್ ಇನ್ನೂ ಅಂಗಳದಲ್ಲಿ ಇರುವಾಗ. ಕೊರೆದು ಮುಗಿದ ಮೇಲೆ ಕಂಪ್ರೆಸರಿನಲ್ಲಿ ಗಾಳಿ ಊದಿ ಫ್ಲಶಿಂಗ್ ಮಾಡುತ್ತಾರೆ. ಎಷ್ಟೋ ಸಲ ಮುಂದಿನ ಊರಿಗೆ ಹೋಗುವ ಅವಸರದಲ್ಲಿ ಸ್ವಲ್ಪ ಹೊತ್ತು ಊದಿ ರಾಡ್ ಎತ್ತಿಬಿಡುತ್ತಾರೆ. ನಿಂತು ನೋಡಿ. ಬಿಳಿ ಬಕೆಟ್ಟಿನಲ್ಲಿ ಹಿಡಿದ ನೀರಿನಲ್ಲಿ ಬಕೆಟ್ಟಿನ ತಳ ಕಾಣುವವರೆಗೆ ಊದಿಸಿ ಅಂತ ಮೊದಲೇ ಮಾತಾಡಿಕೊಳ್ಳಿ. ಹೋದ ಲಾರಿಯನ್ನು ಆಮೇಲೆ ಕರೆಸುವುದು ತುಂಬಾ ದುಬಾರಿ.

ಲಾರಿ ಹೋಗಿಯಾಗಿದ್ದರೆ ಮೋಟರಿನಿಂದಲೇ ಎಳೆಯಬೇಕು. ಸಾಧ್ಯವಾದರೆ ಹೊಸ ಮೋಟರ್ ಇಳಿಸುವ ಮೊದಲು ಬಾಡಿಗೆಗೆ ಒಂದು ಹಳೇ ಪಂಪ್ ತಂದು ಎಳೆಸಿ. ಕಲ್ಲಿನ ಹುಡಿ ಪಂಪಿನೊಳಗೆ ನೀರು ತಳ್ಳುವ ಚಕ್ರವನ್ನು (ಇಂಪೆಲ್ಲರ್) ಸಾಣೆ ಹಿಡಿದಂತೆ ಸವೆಸುತ್ತದೆ. ನಮ್ಮ ಮೋಟರ್ ಬಿಚ್ಚಿದಾಗ ಒಳಗೆ ಗಸಿ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು. ರಿಪೇರಿಯವರು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದು ಅಂಗೈಯಲ್ಲಿ ಇಟ್ಟು ತೋರಿಸಿದರು.

ಎಷ್ಟು ಎಳೆಯಬೇಕು? ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿ ಎತ್ತರಕ್ಕೆ ಸುಮಾರು 6.5 ಲೀಟರ್ ನೀರು ಹಿಡಿಯುತ್ತದೆ. 300 ಅಡಿ ಬೋರು, ನೆಲದಿಂದ 60 ಅಡಿ ಕೆಳಗೆ ನೀರು ನಿಂತಿದೆ ಅಂತಿಟ್ಟುಕೊಳ್ಳಿ. 240 ಅಡಿ ನೀರು ಅಂದರೆ ಸುಮಾರು 1560 ಲೀಟರ್. ಇದು ಹತ್ತು ಸಲವಾದರೂ ಬದಲಾಗಬೇಕು ಅನ್ನುವುದು ನನ್ನ ಲೆಕ್ಕ. 20 ಲೀಟರಿನ ಬಕೆಟ್ ಅರ್ಧ ನಿಮಿಷಕ್ಕೆ ತುಂಬುವ ಪಂಪಾದರೆ ಗಂಟೆಗೆ 2400 ಲೀಟರ್ ಬರುತ್ತದೆ. ಅಂದರೆ ಒಟ್ಟು ಆರೂವರೆ ಗಂಟೆ ಓಡಬೇಕು. ಒಂದೇ ದಿನ ಓಡಿಸಬೇಕು ಅಂತಿಲ್ಲ.

ಶುರುವಿನಲ್ಲಿ ಗೇಟ್‌ವಾಲ್ವನ್ನು ಅರ್ಧ ಮಾತ್ರ ತೆರೆಯಿರಿ. ಪೂರ್ತಿ ಮುಚ್ಚಿ ಓಡಿಸಬೇಡಿ, ಮೋಟರ್ ತಣ್ಣಗಿರಲು ನೀರು ಹರಿಯುತ್ತಿರಬೇಕು. ಅರ್ಧಕ್ಕೆ ತಿಳಿಯಾದ ಮೇಲೆ ಇನ್ನಷ್ಟು ತೆರೆಯಿರಿ, ಮತ್ತೆ ಬಗ್ಗಡ ಬರುತ್ತದೆ, ಅದೂ ತಿಳಿಯಾಗಲಿ. ಆಮೇಲೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ. ಬೋರಿನೊಳಗೆ ನೀರು ಏರಿ ಇಳಿದಾಗ ಬಿರುಕಿನಲ್ಲಿ ಸಿಕ್ಕಿಕೊಂಡ ಹುಡಿ ಸಡಿಲವಾಗುತ್ತದೆ. ಸ್ಟಾರ್ಟರನ್ನು ಪದೇಪದೇ ಒತ್ತಿ ಆಟವಾಡಿಸುವುದು ಮಾತ್ರ ಬೇಡ, ಮೋಟರಿನ ವೈಂಡಿಂಗ್ ಬಿಸಿಯಾಗುತ್ತದೆ.

ಎಳೆದ ನೀರನ್ನು ಬೋರಿನ ಪಕ್ಕದಲ್ಲೇ ಬಿಡಬೇಡಿ. ಜಂಬಿಟ್ಟಿಗೆ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಅದೇ ನೀರು ಸುತ್ತಿ ಒಳಗೆ ಬರಬಹುದು. ಪೈಪ್ ಹಾಕಿ ಇಳಿಜಾರಿನ ಕಡೆ ದೂರ ಬಿಡಿ. ಮನೆಯ ಟ್ಯಾಂಕಿಗೂ ಈಗಲೇ ಸೇರಿಸಬೇಡಿ.

ಹೀಗೆ ಮಾಡಿದರೆ ಹುಡಿಯ ಬಗ್ಗಡ ಕೆಲವು ಗಂಟೆಯಿಂದ ಕೆಲವು ದಿನದಲ್ಲಿ ಹೋಗುತ್ತದೆ. ದಿನಕ್ಕೊಂದು ಬಾಟಲಿ ತುಂಬಿ, ತಾರೀಕು ಬರೆದು ಸಾಲಾಗಿ ಇಡಿ. ಎರಡು ವಾರವಾದರೂ ಬಾಟಲಿಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಅದು ಹುಡಿ ಅಲ್ಲ. ಮುಂದಿನ ಹಂತ ನೋಡಿ.

ಹಂತ 5: ಕೇಸಿಂಗ್

ನಮ್ಮ ಮನೆಯ ಕಥೆ ಇಲ್ಲಿಯದ್ದು. ಕೊರೆಯುವಾಗ ಗಟ್ಟಿ ಕಲ್ಲು ಸಿಕ್ಕಿತು ಅಂತ ಹೇಳಿ 60 ಅಡಿಗೆ ಕೇಸಿಂಗ್ ನಿಲ್ಲಿಸಿದ್ದರು. ಸಿಕ್ಕಿದ್ದು ಗಟ್ಟಿ ಬಂಡೆ ಅಲ್ಲ, ಕೊಳೆತ ಪದರದ ನಡುವೆ ಇದ್ದ ಒಂದು ದಪ್ಪ ಕಲ್ಲು. ಅದರ ಕೆಳಗೆ ಮತ್ತೆ ಹದಿನೈದು ಅಡಿ ಶೇಡಿ ಇತ್ತು. ಇನ್ನಷ್ಟು ಪೈಪು ಇಳಿಸಿದ್ದರೆ ಮುಗಿಯುತ್ತಿತ್ತು. ನಾನೂ ಪಕ್ಕದಲ್ಲೇ ನಿಂತಿದ್ದೆ, ಕೇಳಲು ಗೊತ್ತಿರಲಿಲ್ಲ. ಇದನ್ನು ಬರೆಯುತ್ತಿರುವುದೇ ಆ ಪ್ರಶ್ನೆ ನಿಮಗೆ ಗೊತ್ತಿರಲಿ ಅಂತ.

ಕೊರೆಯುವಾಗ ಹೊರಬೀಳುವ ಮಣ್ಣನ್ನು ಹತ್ತು ಹತ್ತು ಅಡಿಗೆ ಬೇರೆ ಬೇರೆ ಗುಡ್ಡೆ ಮಾಡಿಸಿ, ಅಡಿಯ ಲೆಕ್ಕ ಬರೆದಿಡಿ. ಬರೀ ಗರಗರ ಕಲ್ಲಿನ ಚೂರು ಬರಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬಾರದು. ಹಾಗೆ ಚೂರು ಶುರುವಾದ ಮೇಲೂ ಹತ್ತು ಅಡಿಯಾದರೂ ಮುಂದೆ ಕೊರೆದು, ಮತ್ತೆ ಮಣ್ಣು ಬರಲಿಲ್ಲ ಅಂತ ಖಾತ್ರಿಯಾದ ಮೇಲೆ ಕೇಸಿಂಗ್ ಕೂರಿಸಲು ಹೇಳಿ. ಪೈಪ್ ಜಾಸ್ತಿ ಹಿಡಿಯುತ್ತೆ, ಖರ್ಚು ಬೀಳುತ್ತೆ ಅಂತ ಇಲ್ಲಿ ಉಳಿತಾಯ ಮಾಡಬೇಡಿ.

ಆಗಲೇ ಕೊರೆದು ಮುಗಿದಿದ್ದರೆ ಮೋಟರ್ ಮೇಲೆತ್ತಿಸಿ ಬೋರ್‌ವೆಲ್ ಕ್ಯಾಮೆರಾ ಇಳಿಸಿ ನೋಡಿಸಬಹುದು. ಹಗ್ಗದ ತುದಿಯಲ್ಲಿ ದೀಪ, ಕ್ಯಾಮೆರಾ ಇರುತ್ತದೆ, ಮೇಲೆ ಪರದೆಯಲ್ಲಿ ಕಾಣುತ್ತದೆ. ನೀರು ಕದಡಿದ್ದರೆ ಏನೂ ಕಾಣುವುದಿಲ್ಲ. ಅದಕ್ಕೆ ಎರಡು ದಿನ ಮೋಟರ್ ಹಾಕದೆ ಬಿಟ್ಟು ಇಳಿಸಿ. ಕೇಸಿಂಗಿನ ಜಾಯಿಂಟ್ ಬಿಟ್ಟಿದೆಯಾ, ಕೆಳತುದಿಯ ಸುತ್ತ ಮಣ್ಣು ಕುಸಿದಿದೆಯಾ, ಯಾವ ಅಡಿಯಲ್ಲಿ ಬಗ್ಗಡ ಒಸರುತ್ತಿದೆ, ಎಲ್ಲ ತಿಳಿಯುತ್ತದೆ. ನಮ್ಮಲ್ಲಿ ಎಪ್ಪತ್ತರ ಹತ್ತಿರ ಗೋಡೆಯಿಂದ ಗುಲಾಬಿ ಹೊಗೆಯಂತೆ ಶೇಡಿ ಇಳಿಯುವುದು ಕಂಡಿತು.

ಇದಕ್ಕೆ ಮದ್ದು ಒಳಕೇಸಿಂಗ್. ಆರೂವರೆ ಇಂಚಿನ ಬೋರಿನೊಳಗೆ ಐದು ಇಂಚಿನ ಪಿವಿಸಿ ಪೈಪನ್ನು ಕೆಟ್ಟ ಪದರ ದಾಟುವವರೆಗೆ ಇಳಿಸಿ, ಕೆಳತುದಿ ಗಟ್ಟಿ ಕಲ್ಲಿನ ಹತ್ತಿರ ಬಿಗಿಯಾಗಿ ಕೂರುವ ಹಾಗೆ ಸೀಲ್ ಮಾಡುತ್ತಾರೆ. ನಾಲ್ಕಿಂಚಿನ ಮೋಟರ್ ಅದರೊಳಗೆ ಇಳಿಯುತ್ತದೆ. ನೀರಿನ ಸೆಲೆಯೇ ಆ ಕೊಳೆತ ಪದರದಲ್ಲಿದ್ದರೆ ಪೂರ್ತಿ ಮುಚ್ಚುವಂತಿಲ್ಲ, ನೀರೇ ನಿಂತುಹೋಗುತ್ತದೆ. ಆಗ ಸಣ್ಣ ಸೀಳುಗಳಿರುವ ಪೈಪ್ ಹಾಕಬೇಕು. ಅದು ಮರಳನ್ನು ತಡೆಯುತ್ತದೆ, ಶೇಡಿಯನ್ನು ಪೂರ್ತಿ ತಡೆಯುವುದಿಲ್ಲ. ಇದು ಅನುಭವಸ್ಥರ ಕೆಲಸ. ಹಿಂದೆ ಯಾರ ಮನೆಯಲ್ಲಿ ಮಾಡಿದ್ದಾರೆ ಅಂತ ಕೇಳಿ, ಹೋಗಿ ಆ ಮನೆಯ ನೀರು ನೋಡಿ ಬನ್ನಿ.

ಮಳೆನೀರು ಇಳಿಯುತ್ತಿದ್ದರೆ ಕೆಲಸ ಸುಲಭ. ಕೇಸಿಂಗಿನ ಹೊರಗೂ ಮಣ್ಣಿಗೂ ನಡುವಿನ ಸಂದು ಹುಡುಕಿ. ಕಬ್ಬಿಣದ ಸರಳು ಚುಚ್ಚಿದರೆ ಎಷ್ಟೋ ಕಡೆ ಅಡಿಗಟ್ಟಲೆ ಒಳಗೆ ಹೋಗುತ್ತದೆ. ಸುತ್ತ ಅಗೆದು, ಸಂದಿನೊಳಗೆ ನೀರಾದ ಸಿಮೆಂಟ್ ಹಾಲು ಸುರಿದು ತುಂಬಿಸಿ, ಮೇಲೆ ಕಾಂಕ್ರೀಟ್ ಕಟ್ಟೆ ಕಟ್ಟಿಸಿ. ತೆರೆದ ಬೋರಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಗಳಲ್ಲೂ ಕೇಸಿಂಗ್ ಸುತ್ತ ನೆಲದ ಮೇಲೆ 0.30 ಮೀಟರ್, ನೆಲದ ಕೆಳಗೆ 0.30 ಮೀಟರ್ ಕಾಂಕ್ರೀಟ್ ಕಟ್ಟೆ ಇರಬೇಕು ಅಂತಿದೆ. ಆ ಕಟ್ಟೆ ಮಗುವಿನ ಜೀವವನ್ನೂ ಕಾಯುತ್ತದೆ, ನೀರನ್ನೂ ಕಾಯುತ್ತದೆ. ನಮ್ಮ ಮಳೆಗೆ ಇನ್ನೂ ಆಳ, ಇನ್ನೂ ಅಗಲ ಇದ್ದರೆ ಒಳ್ಳೆಯದು. ಕೇಸಿಂಗಿನ ಬಾಯಿ ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಕ್ಯಾಪ್ ಭದ್ರವಾಗಿರಲಿ. ಕಟ್ಟೆಯ ಮೇಲ್ಭಾಗದ ಗುಡ್ಡದ ನೀರು ಬಳಸಿಕೊಂಡು ಹೋಗುವಂತೆ ಸಣ್ಣ ಕಾಲುವೆ ತೆಗೆಯಿರಿ. ಗೊಬ್ಬರ ಗುಂಡಿ, ಗೋಬರ್ ಗ್ಯಾಸಿನ ಸ್ಲರಿ ಗುಂಡಿ, ಪಾಯಿಖಾನೆ ಗುಂಡಿ ಬೋರಿನಿಂದ 50 ಅಡಿಯಾದರೂ ದೂರ, ಅದೂ ಇಳಿಜಾರಿನ ಕೆಳಗಡೆ ಇರಬೇಕು.

ಹಂತ 6: ಮೋಟರ್ ಎಷ್ಟು ಆಳದಲ್ಲಿದೆ?

ಜಾಸ್ತಿ ಆಳಕ್ಕೆ ಬಿಟ್ಟರೆ ಜಾಸ್ತಿ ನೀರು ಅಂತ ತಳ ಮುಟ್ಟಿಸಿಬಿಡುತ್ತಾರೆ. ತಳದಲ್ಲಿ ಕೂತಿರುವುದು ಗಸಿ. ಮೋಟರ್ ತಳದಿಂದ 15-20 ಅಡಿ ಮೇಲಿರಲಿ. ಎರಡು ಪೈಪ್ ಕಡಿಮೆ ಮಾಡಿದ್ದಕ್ಕೇ ನೀರು ತಿಳಿಯಾದ ಮನೆ ನೋಡಿದ್ದೇನೆ. ಒಂದು ಇಂಚಿನಷ್ಟು ಕಡಿಮೆ ನೀರು ಬಿದ್ದ ಬೋರಿಗೆ ದೊಡ್ಡ ಮೋಟರ್ ಹಾಕಬೇಡಿ. ನಿಧಾನಕ್ಕೆ ಎಳೆದು ಟ್ಯಾಂಕ್ ತುಂಬಿಸಿಕೊಳ್ಳುವುದೇ ಮನೆ ಬೋರಿಗೆ ಒಳ್ಳೆಯದು. ಡ್ರೈ ರನ್, ಅಂದರೆ ನೀರಿಲ್ಲದೆ ಮೋಟರ್ ಓಡುವುದನ್ನು ತಡೆಯುವ ಪ್ಯಾನೆಲ್ ಹಾಕಿಸಿ.

ಹಂತ 7: ಕಬ್ಬಿಣದ ನೀರು

ಜಂಬಿಟ್ಟಿಗೆಯ ಕೆಂಪೇ ಕಬ್ಬಿಣದ್ದು. ಹಾಗಾಗಿ ನಮ್ಮ ಕಡೆ ಈ ತೊಂದರೆ ಸಾಮಾನ್ಯ. ಬಿಳಿ ಪಂಚೆ ಹಳದಿಯಾಗುತ್ತದೆ, ಅನ್ನದ ಬಣ್ಣ ಕೆಡುತ್ತದೆ, ಬಚ್ಚಲಿನ ನೆಲಕ್ಕೆ ಕಾವಿ ಹಿಡಿಯುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಕಲೆ, ರುಚಿ ಎರಡೂ ಗೊತ್ತಾಗತೊಡಗುತ್ತವೆ. ಎಷ್ಟೇ ಫ್ಲಶ್ ಮಾಡಿದರೂ ಇದು ಹೋಗುವುದಿಲ್ಲ, ಯಾಕೆಂದರೆ ಇದು ಕೊರೆದ ಕಸ ಅಲ್ಲ, ನೀರಿನದೇ ಗುಣ.

ನಿಂತ ನೀರಿನ ಮೇಲೆ ಎಣ್ಣೆಯಂಥ ಪದರ ಕಂಡರೆ ಕಡ್ಡಿಯಿಂದ ಮುಟ್ಟಿ ನೋಡಿ. ಗಾಜಿನ ಚೂರಿನಂತೆ ಒಡೆದು ಬೇರೆಯಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ್ದು. ಮತ್ತೆ ಸುತ್ತಿ ಕೂಡಿಕೊಂಡರೆ ನಿಜವಾದ ಎಣ್ಣೆ. ಹೊಸ ಬೋರಿನಲ್ಲಿ ಕಂಪ್ರೆಸರಿನ ಎಣ್ಣೆ ಸ್ವಲ್ಪ ಬಂದಿರಬಹುದು. ಅದು ಎಳೆದಂತೆ ಹೋಗಬೇಕು.

ಕಬ್ಬಿಣಕ್ಕೆ ಗಾಳಿಯೇ ಮದ್ದು. ನೀರು ಟ್ಯಾಂಕಿಗೆ ನೇರ ಬೀಳುವ ಬದಲು ಶವರಿನಂತೆ ತೂತು ಮಾಡಿದ ಪೈಪಿನಿಂದ ಚಿಮ್ಮಿ ಬೀಳಲಿ. ಆ ಟ್ಯಾಂಕಿನಲ್ಲಿ ಒಂದು ರಾತ್ರಿ ನಿಲ್ಲಲಿ. ಅಲ್ಲಿಂದ ಮರಳಿನ ಡ್ರಮ್ಮಿಗೆ ಹರಿಸಿ. 200 ಲೀಟರಿನ ಡ್ರಮ್ಮಿನ ತಳದಲ್ಲಿ ಅರ್ಧ ಅಡಿ ದಪ್ಪ ಜಲ್ಲಿ, ಅದರ ಮೇಲೆ ಮೂರು ಇಂಚು ಸಣ್ಣ ಜಲ್ಲಿ, ಆಮೇಲೆ ಒಂದೂವರೆ ಅಡಿ ಮರಳು. ಎಲ್ಲವನ್ನೂ ನೀರು ತಿಳಿಯಾಗುವ ತನಕ ತೊಳೆದೇ ತುಂಬಬೇಕು. ಮೇಲಿನ ಎರಡು ಇಂಚು ಮರಳನ್ನು ಆಗಾಗ ತೆಗೆದು ತೊಳೆಯಬೇಕು. ಮಲೆನಾಡಿನ ನೀರು ಹಲವು ಕಡೆ ಸ್ವಲ್ಪ ಹುಳಿ ಗುಣದ್ದು. ಪಿಎಚ್ 7ಕ್ಕಿಂತ ಕೆಳಗಿದ್ದರೆ ಕಬ್ಬಿಣ ತುಕ್ಕಾಗುವುದು ನಿಧಾನ. ಒಂದು ರಾತ್ರಿ ಸಾಲದಿದ್ದರೆ ಕಾರಣ ಇದೇ ಇರಬಹುದು, ಪಿಎಚ್ ನೋಡಿಸಿ.

ಅಲ್ಲಿಯವರೆಗೆ ಕುಡಿಯಲು ಏನು?

ಬೇರೆ ನೀರು ಇದ್ದರೆ ಅದನ್ನೇ ಕುಡಿಯಿರಿ. ಇಲ್ಲದಿದ್ದರೆ ಬಗ್ಗಡ ನೀರನ್ನು ಹಂಡೆಯಲ್ಲಿ ಕೂರಿಸಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ. ಜೇಡಿ, ಕಬ್ಬಿಣ ಹೋಗುವುದಿಲ್ಲ.

ಪಟಿಕವನ್ನು ಡ್ರಮ್ಮಿನ ನೀರಿಗೆ ಹಾಕಿ, ಬೋರಿಗೆ ಹಾಕಬೇಡಿ. 1000 ಲೀಟರಿಗೆ 20ರಿಂದ 50 ಗ್ರಾಂ ಸಾಮಾನ್ಯ ಅಳತೆ. ಆದರೆ ಪಟಿಕ ನೀರಿನ ಹುಳಿಯನ್ನು ಹೆಚ್ಚಿಸುತ್ತದೆ, ಮೆದು ನೀರಿನಲ್ಲಿ ಸರಿಯಾಗಿ ಉಂಡೆಯೂ ಕಟ್ಟುವುದಿಲ್ಲ. ಮೊದಲು ಒಂದು ಬಕೆಟ್ಟಿನಲ್ಲಿ ಮಾಡಿ ನೋಡಿ, ಕಟ್ಟದಿದ್ದರೆ ಚಿಟಿಕೆ ಸುಣ್ಣ ಸೇರಿಸಿ. ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ.

ಬೋರಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನೀರು ತಿಳಿಯಾದ ಮೇಲೆ. ಬಗ್ಗಡದಲ್ಲಿ ಕ್ಲೋರಿನ್ನಿನ ಶಕ್ತಿ ಮಣ್ಣಿಗೇ ಖರ್ಚಾಗುತ್ತದೆ. ಬೋರಿನಲ್ಲಿ ನಿಂತ ನೀರಿನ ಲೆಕ್ಕ ಹಿಡಿದು, 25 ಶೇಕಡ ಕ್ಲೋರಿನ್ ಇರುವ ಪೌಡರ್ ಆದರೆ 1000 ಲೀಟರಿಗೆ 200 ಗ್ರಾಂ. ಮೇಲಿನ ಲೆಕ್ಕದ 1560 ಲೀಟರಿಗೆ ಸುಮಾರು 310 ಗ್ರಾಂ ಆಯಿತು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೂತ ಮೇಲೆ ತಿಳಿಯನ್ನು ಮಾತ್ರ ಬೋರಿಗೆ ಸುರಿಯಿರಿ. ಕೈಗೆ ಗ್ಲೌಸ್ ಇರಲಿ, ಗಾಳಿಗೆ ಬೆನ್ನು ಹಾಕಿ ನಿಲ್ಲಿ, ಆಸಿಡ್ ಹತ್ತಿರವೂ ಬರದಿರಲಿ. ನಲ್ಲಿಯಲ್ಲಿ ವಾಸನೆ ಬರುವವರೆಗೆ ಎಳೆದು, ನಿಲ್ಲಿಸಿ, 12ರಿಂದ 24 ಗಂಟೆ ಬಿಡಿ. ಆಮೇಲೆ ವಾಸನೆ ಹೋಗುವ ತನಕ ಹೊರಗೆ ಬಿಡಿ, ತೋಟಕ್ಕೂ ಹಳ್ಳಕ್ಕೂ ಪಾಯಿಖಾನೆ ಗುಂಡಿಗೂ ಬೇಡ.

ಲ್ಯಾಬ್, ಆಮೇಲೆ ಬೇಕಿದ್ದರೆ ಫಿಲ್ಟರ್

ಕ್ಲೋರಿನ್ ಪೂರ್ತಿ ಹೋಗಿ ಒಂದು ವಾರ ಕಳೆದ ಮೇಲೆ ನೀರನ್ನು ಪರೀಕ್ಷೆಗೆ ಕೊಡಿ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ಕೇಳಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿನಲ್ಲೂ ಮಾಡಿಸಬಹುದು. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರು ಕೊಡುವ ಶುದ್ಧ ಬಾಟಲಿಯಲ್ಲೇ ಹಿಡಿದು ಅದೇ ದಿನ ತಲುಪಿಸಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಬಗ್ಗಡ 1 ಎನ್‌ಟಿಯು (ಬಗ್ಗಡ ಅಳೆಯುವ ಮಾನ) ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 5ರವರೆಗೆ ನಡೆಯುತ್ತದೆ. ಪಿಎಚ್ 6.5ರಿಂದ 8.5. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮಲದಿಂದ ಬರುವ ಇ-ಕೊಲೈ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

ಫಿಲ್ಟರ್ ಮಾರಲು ಬಂದವರು ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರೆ. ಅದು ಅಳೆಯುವುದು ಕರಗಿದ ಲವಣವನ್ನು, ಬಗ್ಗಡವನ್ನಲ್ಲ. ಟಿಡಿಎಸ್ 500ರ ಒಳಗಿದ್ದರೆ ಲವಣದ ಕಾರಣಕ್ಕೆ ಆರ್‌ಒ ಬೇಕಿಲ್ಲ. ಮಲೆನಾಡಿನ ಬಹಳಷ್ಟು ನೀರು ಅದಕ್ಕಿಂತ ತುಂಬಾ ಕೆಳಗಿದೆ. ಇನ್ನು ಕೆಲವರು ನೀರಿನಲ್ಲಿ ಎರಡು ಕಡ್ಡಿ ಇಟ್ಟು ಕರೆಂಟ್ ಹಾಯಿಸಿ, ನೀರು ಕಂದು ಬಣ್ಣ ಬಂದಾಗ "ನೋಡಿ ಸರ್, ನೀವು ಕುಡಿಯುವ ಕೊಳೆ" ಅನ್ನುತ್ತಾರೆ. ಆ ಬಣ್ಣ ಬರುವುದು ಕಡ್ಡಿಯ ಕಬ್ಬಿಣ ಕರಗಿದ್ದರಿಂದ. ನೀರಿನ ಕೊಳೆಗೂ ಅದಕ್ಕೂ ಸಂಬಂಧ ಇಲ್ಲ.

ಒಳಕೇಸಿಂಗ್ ಹಾಕಿ, ಮತ್ತೆ ಫ್ಲಶ್ ಮಾಡಿಸಿದ ಮೇಲೆ ನಮ್ಮ ನೀರು ಒಂಬತ್ತನೇ ದಿನಕ್ಕೆ ತಿಳಿಯಾಯಿತು. ಆ ದಿನದ ಬಾಟಲಿಯನ್ನು ತಾರೀಕು ಹಚ್ಚಿ ಇನ್ನೂ ಇಟ್ಟಿದ್ದೇನೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ನೀರು ತಳ ಕಂಡಾಗ ಮತ್ತು ಜುಲೈನಲ್ಲಿ ಮಳೆ ಜೋರಾದಾಗ, ಪಕ್ಕದಲ್ಲಿ ಹೊಸ ಬಾಟಲಿ ತುಂಬಿಟ್ಟು ಎರಡನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಜುಲೈನಲ್ಲೇ ಮಾಡಿಸುತ್ತೇನೆ. ಕೊಳೆ ಇಳಿಯುವುದಿದ್ದರೆ ಆ ತಿಂಗಳಲ್ಲೇ ಇಳಿಯುವುದು.